ಬನ್ನಿಯೂ ಬಳ್ಳಾರಿ ಜಾಲಿಯೂ

ವಿಜಯದಶಮಿಯ ದಿನ ಬನ್ನಿಯ ಎಲೆಗಳನ್ನು ಬಂಗಾರವೆಂದು ಹಿರಿಯರ ಕೈಯಲ್ಲಿಟ್ಟು ನಮಸ್ಕರಿಸಿ, ಸಮವಯಸ್ಕರನ್ನು ಆಲಿಂಗಿಸಿ, ವರುಷದ ಮನಸ್ತಾಪಗಳನ್ನು ಮರೆಯುವುದು ನಮ್ಮ ಉತ್ತರ ಕರ್ನಾಟಕದ ಮನೆಮನೆಯ ಪದ್ಧತಿಯಾಗಿದೆ. ಅಜ್ಞಾತವಾಸಕ್ಕೆ ಹೊರಟ ಪಾಂಡವರು ವಿರಾಟನಗರದ ಹೊರಗೆ, ಶ್ಮಶಾನದ ಬಳಿಯ ಶಮೀವೃಕ್ಷದಲ್ಲಿ ತಮ್ಮ ಆಯುಧಗಳನ್ನು ಬಚ್ಚಿಟ್ಟ ಕಥೆಯನ್ನು ಅರಿಯದ ಮನೆಯಿಲ್ಲ. ಆ ಶಮಿಯೇ ನಮ್ಮ ಬನ್ನಿ. ಇಂತಹ ಮರದ ಗುರುತು ನಮ್ಮಲ್ಲಿ ಯಾರಿಗಾದರೂ ತಪ್ಪುವುದುಂಟೆ ಎಂದು ವಾಚಕರು ಕೇಳಬಹುದು. ತಪ್ಪುವುದುಂಟು. ತಪ್ಪಿದವನು ಈ ಲೇಖಕನೇ ಆಗಿರುವುದರಿಂದ ಆ ಪ್ರಸಂಗವನ್ನು ಹೇಳಿ ಪ್ರಕೃತ ವಿಷಯಕ್ಕೆ ಬರುವೆನು.

ಟಿಕೋಟೆಯ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಉಪಾಧ್ಯಾಯನಾಗಿದ್ದ ಕಾಲವದು. ಈಗ್ಗೆ ಸುಮಾರು 20 ವರ್ಷಗಳ ಹಿಂದಿನ ಮಾತು. ದಸರೆಯ ರಜೆಗೆ ಮುನ್ನಾದಿನ ಶಾಲೆಯಲ್ಲಿ ಶಾರದಾಪೂಜೆ ನಡೆಯುವುದಿತ್ತು. ಬನ್ನಿಯ ಟೊಂಗೆಯೊಂದನ್ನು ತನ್ನಿರೆಂದು ಹುಡುಗರಿಗೆ ಹೇಳಿದೆನು. ಅವರು ಕ್ಷಣಮಾತ್ರದಲ್ಲಿ ಹಸುರು ಟೊಂಗೆಯನ್ನು ತಂದರು. ನಾನು ಅದನ್ನು ಪೀಠದ ಮೇಲಿರಿಸಿ, ಅಕ್ಷತೆಯನ್ನಿಟ್ಟು, ಶಮಿಯ ಮಹಿಮೆಯನ್ನು ಹೇಳತೊಡಗಿದೆನು. ಅಮರಕೋಶದಲ್ಲಿ ಶಮಿಗೆ ಸಕ್ತುಫಲಾ, ಶಿವಾ ಎಂಬ ಹೆಸರುಗಳಿರುವುದನ್ನೂ ವಿವರಿಸಿದೆನು. ಎಲ್ಲವೂ ಮುಗಿದ ಮೇಲೆ ನಮ್ಮ ಶಾಲೆಯ ಮುದಿ ಸಿಪಾಯಿಯು ಮೆಲ್ಲನೆ ಹತ್ತಿರ ಬಂದು, "ಮಾಸ್ತರ, ಇದು ಬನ್ನಿ ಅಲ್ರಿ, ನಮ್ಮ ಬೇಲಿ ಒಳಗಿನ ಬಳ್ಳಾರಿ ಜಾಲಿ" ಎಂದನು. ನೋಡಲಾಗಿ ಅವನ ಮಾತು ನಿಜವಾಗಿತ್ತು. ಪಾಠಶಾಲೆಯಲ್ಲಿ ಕೋಶವನ್ನು ಕಂಠಸ್ಥ ಮಾಡಿದ ನನಗೆ ಶಮಿಯ ಪರ್ಯಾಯಗಳು ಗೊತ್ತಿದ್ದವು, ಶಮಿ ಗೊತ್ತಿರಲಿಲ್ಲ. ಅಷ್ಟೇ ಅಲ್ಲ: ಆ ಬೇಲಿಯನ್ನು ಹಾಕಿಸಿದವನೂ ನಾನೇ. ಅದಕ್ಕೆ ಹನ್ನೆರಡು ಹದಿಮೂರು ವರ್ಷಗಳ ಹಿಂದೆ, ದನಗಳ ಕಾಟವನ್ನು ತಡೆಯಲೆಂದು, ಹಳ್ಳದ ದಂಡೆಯಿಂದ ಕಾಯಿಗಳನ್ನು ತರಿಸಿ ಶಾಲೆಯ ಸುತ್ತ ಹುಡುಗರ ಕೈಯಿಂದಲೇ ಬಿತ್ತಿಸಿದ್ದೆನು. ಬೇಲಿಯು ಎರಡು ಮಳೆಗಾಲಗಳಲ್ಲಿ ಬೆಳೆದುನಿಂತಾಗ ಊರವರು ನನ್ನನ್ನು ಹೊಗಳಿದ್ದೂ ಉಂಟು.

ಅಂದಿನ ಲಜ್ಜೆಯೇ ಈ ಮರದ ಚರಿತ್ರೆಯನ್ನು ಹುಡುಕುವುದಕ್ಕೆ ಕಾರಣವಾಯಿತು. ನಾನು ತಿಳಿದುಕೊಂಡಷ್ಟನ್ನು ಇಲ್ಲಿ ನಿವೇದಿಸುತ್ತೇನೆ.

1

ಮೊದಲು ಗುರುತಿನ ವಿಚಾರ. ನಮ್ಮ ವಿಜಯಪುರ, ಟಿಕೋಟಾ, ಬಬಲೇಶ್ವರ ತಾಲ್ಲೂಕುಗಳಲ್ಲಿ ದಾರಿಹೋಕನ ಕಣ್ಣಿಗೆ ಒಂದೇ ಬಗೆಯಾಗಿ ತೋರುವ ಮುಳ್ಳಿನ ಮರಗಳು ಮೂರು: ಬನ್ನಿ, ಕರಿಜಾಲಿ, ಬಳ್ಳಾರಿ ಜಾಲಿ. ಮೂರಕ್ಕೂ ಎಲೆಗಳು ಸಣ್ಣ ಸಣ್ಣ ದಳಗಳಾಗಿ ಒಡೆದಿರುತ್ತವೆ. ಮೂರೂ ಕಾಯಿ ಬಿಡುವ ಜಾತಿಯವು. ಆದರೆ ಹತ್ತಿರ ನಿಂತು ನೋಡಿದವನಿಗೆ ಭೇದವು ಸ್ಪಷ್ಟವಾಗಿದೆ.

ಕರಿಜಾಲಿಯ ಹೂವು ಬಂಗಾರಬಣ್ಣದ ಪುಟ್ಟ ಗುಂಡು. ಅದರ ಕಾಯಿ ಬೂದಿಬಣ್ಣದ್ದಾಗಿ, ಬೀಜಬೀಜಗಳ ನಡುವೆ ಹಿಸುಕಿದಂತಿದ್ದು, ಮಣಿ ಪೋಣಿಸಿದ ಸರದಂತೆ ಜೋಲುತ್ತದೆ. ತೊಗಟೆ ಕಪ್ಪು. ಚರ್ಮ ಹದಮಾಡುವುದಕ್ಕೆ ತೊಗಟೆಯನ್ನೂ, ಬಂಡಿ ಕುಂಟೆಗಳಿಗೆ ಮರವನ್ನೂ ನಮ್ಮವರು ತಲೆತಲಾಂತರದಿಂದ ಬಳಸಿದ್ದಾರೆ. ಬನ್ನಿಯ ಹೂವು ಗುಂಡಾಗಿರದೆ ತೆನೆಯಂತೆ ನೀಳವಾಗಿರುತ್ತದೆ. ಎಲೆಗೆ ಬೂದಿ ಬೆರೆತ ಹಸುರು ಬಣ್ಣ. ಪಾಶ್ಚಾತ್ಯ ಸಸ್ಯಶಾಸ್ತ್ರಜ್ಞರು ಅದಕ್ಕಿಟ್ಟ ಪ್ರೊಸೋಪಿಸ್ ಸಿನೆರೇರಿಯಾ ಎಂಬ ಹೆಸರಿನ ಉತ್ತರಪದಕ್ಕೂ ಬೂದಿಬಣ್ಣದ್ದು ಎಂದೇ ಅರ್ಥ. ಬಳ್ಳಾರಿ ಜಾಲಿಯ ಹೂವೂ ತೆನೆಯಂತೆಯೇ ಇದೆ. ಜೂಲಿಫ್ಲೋರಾ ಎಂಬ ಅದರ ಹೆಸರು ಆ ಹೂದೆನೆಯಿಂದಲೇ ಬಂದುದು. ಆದಕಾರಣ ಬನ್ನಿಗೂ ಇದಕ್ಕೂ ಹೂವಿನಿಂದ ಭ್ರಾಂತಿಯುಂಟಾಗುವುದು ಸಹಜ.

ಈ ಭ್ರಾಂತಿಯನ್ನು ಕಳೆಯುವುದು ಮುಳ್ಳು. ಬಳ್ಳಾರಿ ಜಾಲಿಯ ಮುಳ್ಳು ಎಲೆ ಹುಟ್ಟುವ ಗಣ್ಣಿನಲ್ಲಿ, ಸಾಮಾನ್ಯವಾಗಿ ಎರಡೆರಡಾಗಿ, ನೆಟ್ಟಗೆ ಚಾಚಿಕೊಂಡಿರುತ್ತದೆ. ಬನ್ನಿಯ ಮುಳ್ಳಾದರೋ ಗಣ್ಣುಗಣ್ಣುಗಳ ನಡುವೆ ಒಂಟಿಯಾಗಿ, ಅಲ್ಲೊಂದು ಇಲ್ಲೊಂದಾಗಿ ಚದರಿದ್ದು, ಗಿಡ್ಡವಾಗಿಯೂ ಬುಡದಲ್ಲಿ ಅಗಲವಾಗಿಯೂ ಇರುತ್ತದೆ. ಇನ್ನು ಮರದ ಆಕಾರ: ಬನ್ನಿಯು ಒಂದೇ ಕಾಂಡದಿಂದ ಮೇಲೇಳುವ ಮರ, ಬಳ್ಳಾರಿ ಜಾಲಿಯು ಸಾಮಾನ್ಯವಾಗಿ ನೆಲದಿಂದಲೇ ಹಲವು ಕಾಂಡಗಳಾಗಿ ಒಡೆದು ಸುತ್ತಲೂ ಬಾಗಿ ಮೆಳೆಯಾಗುವುದು. ಅದರ ಕಾಯಿ ಹಣ್ಣಾದಾಗ ಹಳದಿಯಾಗಿ, ತಿರುಳು ಸಿಹಿಯಾಗಿರುತ್ತದೆ. ಚೈತ್ರ ವೈಶಾಖಗಳಲ್ಲಿ ಎರೆಯ ಹೊಲವೆಲ್ಲ ಬಿರುಕುಬಿಟ್ಟು ಬೋಳಾಗಿರುವಾಗ, ಹಳ್ಳದ ಗುಂಟ ಅಚ್ಚಹಸುರಾಗಿ ಕಾಣುವುದು ಪ್ರಾಯಶಃ ಇದೇ.

2

ಈ ಮರದ ಜನ್ಮಭೂಮಿ ಮೆಕ್ಸಿಕೋ, ಮಧ್ಯ ಅಮೆರಿಕ, ದಕ್ಷಿಣ ಅಮೆರಿಕದ ಉತ್ತರಭಾಗ ಮತ್ತು ಕೆರಿಬಿಯನ್ ದ್ವೀಪಗಳು. ಸ್ವೀಡನ್ ದೇಶದ ಸ್ವಾರ್ಟ್ಸ್ ಎಂಬ ಪಂಡಿತನು ಇದನ್ನು 1788ರಲ್ಲಿ ಮೊದಲು ಶಾಸ್ತ್ರೀಯವಾಗಿ ವರ್ಣಿಸಿದನು. ಅದು ಸಮುದ್ರ ದಾಟಿ ನಮ್ಮ ದೇಶಕ್ಕೆ ಬಂದ ಕಾಲವು ಚರಿತ್ರೆಯಲ್ಲಿ ಮರೆಯಬಾರದ ಕಾಲವಾಗಿದೆ. ಮದರಾಸು ಇಲಾಖೆಯ ಅರಣ್ಯಾಧಿಕಾರಿಯಾಗಿದ್ದ ಕರ್ನಲ್ ಬೆಡೋಮನು ಒಣಸೀಮೆಯಲ್ಲಿ ಬೆಳೆಸುವುದಕ್ಕಾಗಿ ಇದರ ಬೀಜಗಳನ್ನು ತರಿಸಬೇಕೆಂದು 1876ರಲ್ಲಿ ಸರಕಾರಕ್ಕೆ ಬರೆದನು. ಮರುವರ್ಷ, 1877ರಲ್ಲಿ, ಜಮೈಕಾ ದ್ವೀಪದಿಂದ ಬೀಜ ಬಂದಿತು. ಕಡಪಾ ಜಿಲ್ಲೆಯ ಕಮಲಾಪುರಂ ಎಂಬಲ್ಲಿ ನೆಡಲಾಯಿತು. ಸಿಂಧ ಪ್ರಾಂತಕ್ಕೂ ಬೀಜವು ಸುಮಾರು ಅದೇ ಸಮಯದಲ್ಲಿ ತಲುಪಿತು.

1876ರಿಂದ 1878ರ ವರೆಗಿನ ಆ ವರ್ಷಗಳು ಯಾವುವೆಂದು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಅವು ಮಹಾಕ್ಷಾಮದ ವರ್ಷಗಳು. ಆಗ ಕಲಾದಗಿ ಎಂಬ ಹೆಸರಿನಿಂದಿದ್ದ ನಮ್ಮ ಜಿಲ್ಲೆಯಲ್ಲಿ 1872ರ ಜನಗಣತಿಯ ವೇಳೆಗೆ ಸುಮಾರು 8 ಲಕ್ಷ 16 ಸಾವಿರ ಜನರಿದ್ದರು. 1881ರಲ್ಲಿ ಉಳಿದವರು ಸುಮಾರು 6 ಲಕ್ಷ 38 ಸಾವಿರ. ಸತ್ತವರೆಷ್ಟೋ, ದೇಶಾಂತರ ಹೋದವರೆಷ್ಟೋ! ಇಂತಹ ನಾಡಿನಲ್ಲಿ, ಮಳೆಯಿಲ್ಲದೆ ಬೆಳೆಯುವ, ದನ ಮೇಯದ, ಕಡಿದರೂ ಚಿಗುರುವ, ಒಲೆಗೆ ಒಳ್ಳೆಯ ಸೌದೆಯಾಗುವ ಮರವೊಂದು ಸಿಕ್ಕಿದರೆ ಅದನ್ನು ಯಾರು ತಾನೆ ಬೇಡವೆಂದಾರು? ಇಂದಿನ ಕಣ್ಣಿನಿಂದ ಅಂದಿನವರನ್ನು ದೂಷಿಸುವುದು ನ್ಯಾಯವಲ್ಲ.

'ಬಳ್ಳಾರಿ ಜಾಲಿ' ಎಂಬ ಹೆಸರಿನಲ್ಲಿ ಒಂದು ಚರಿತ್ರೆಯ ಎಳೆಯಿದೆ. ಪರದೇಶದಿಂದ ಬಂದ ವಸ್ತುವಿಗೆ ನಮ್ಮ ಜನರು 'ಸೀಮೆ' ಎಂಬ ವಿಶೇಷಣವನ್ನು ಕೂಡಿಸುವರು: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹುಣಸೆ ಇತ್ಯಾದಿ. ತಮಿಳರು ಈ ಮರವನ್ನು ಸೀಮೈ ಕರುವೇಲಂ ಎನ್ನುತ್ತಾರೆ. ಹಿಂದಿಯವರು ವಿಲಾಯತಿ ಬಬೂಲ್ ಎನ್ನುತ್ತಾರೆ. ಕನ್ನಡಿಗರು ಮಾತ್ರ ಅದನ್ನು ಬಳ್ಳಾರಿಯದೆಂದು ಕರೆದರು. 1800ರಲ್ಲಿ ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ ಸೀಮೆಯಲ್ಲಿ ಕಡಪಾ, ಬಳ್ಳಾರಿಗಳೆರಡೂ ಸೇರಿದ್ದವು. ಬಳ್ಳಾರಿಯು 1953ರ ವರೆಗೆ ಮದರಾಸಿಗೇ ಸೇರಿತ್ತು. ಕಡಪೆಯಲ್ಲಿ ಊರಿದ ಮರವು ಬಳ್ಳಾರಿಯ ಮಾರ್ಗವಾಗಿ ಕನ್ನಡ ನಾಡಿನ ಉಳಿದ ಭಾಗಗಳಿಗೆ ಬಂದಿತೆಂದೂ, ನಮ್ಮವರಿಗೆ ಅದು ಜಮೈಕೆಯದಾಗಿ ತೋರದೆ ನೆರೆಯ ಜಿಲ್ಲೆಯದಾಗಿ ತೋರಿತೆಂದೂ ಊಹಿಸುವುದು ಅಸಂಗತವಾಗಲಾರದು. ಹೆಸರಿನಲ್ಲಿಯೇ ಪರಕೀಯತೆ ಮರೆಯಾಯಿತು. ಪಾಪ, ಬಳ್ಳಾರಿಗೆ ವೃಥಾ ಅಪವಾದ!

ಉತ್ತರಾಪಥದ ಒಂದು ನಿದರ್ಶನವು ಇನ್ನೂ ಮನಮುಟ್ಟುವಂತಿದೆ. ಜೋಧಪುರದ ಬಳಿಯ ಖೇಜಡಲಿ ಎಂಬ ಹಳ್ಳಿಯಲ್ಲಿ, 1730ರಲ್ಲಿ, ರಾಜನ ಕಡೆಯವರು ಸುಣ್ಣದ ಭಟ್ಟಿಗಾಗಿ ಶಮೀವೃಕ್ಷಗಳನ್ನು ಕಡಿಯಬಂದಾಗ ಬಿಷ್ಣೋಯಿ ಜನರು ಮರಗಳನ್ನು ಅಪ್ಪಿಕೊಂಡು ನಿಂತರು. ಅಮೃತಾದೇವಿ ಎಂಬ ಸ್ತ್ರೀಯೇ ಮೊದಲಾಗಿ 363 ಜನರು ಪ್ರಾಣ ತೆತ್ತರು. ಅದೇ ಜೋಧಪುರ ಸಂಸ್ಥಾನದಲ್ಲಿ 1913ರ ಸುಮಾರಿಗೆ ಈ ಪರದೇಶದ ಮರವನ್ನು ನೆಡಿಸಲಾಯಿತು. 1940ರಲ್ಲಿ ಇದಕ್ಕೆ 'ರಾಜವೃಕ್ಷ' ಎಂಬ ಮನ್ನಣೆಯನ್ನು ಕೊಟ್ಟು ಪ್ರಜೆಗಳು ಇದನ್ನು ಕಾಪಾಡಬೇಕೆಂದು ಅಪ್ಪಣೆಯಾಯಿತು. ಶಮಿಗಾಗಿ ರಕ್ತ ಚೆಲ್ಲಿದ ನೆಲದಲ್ಲಿಯೇ ಶಮಿಯ ಸ್ಥಾನವು ಮತ್ತೊಂದಕ್ಕೆ ಹೋಯಿತು. ಸ್ವಾತಂತ್ರ್ಯ ಬಂದ ಮೇಲೂ ಸರಕಾರಗಳು ಇದನ್ನು ಬಿಡಲಿಲ್ಲ. ಕಚ್ಛದ ರಣವು ಮುಂದೊತ್ತಿ ಬರುವುದನ್ನು ತಡೆಯಲು 1961ರಿಂದ ಅಲ್ಲಿಯ ವಿಶಾಲವಾದ ಹುಲ್ಲುಗಾವಲಿನ ಅಂಚಿಗೆ ಇದನ್ನು ನೆಟ್ಟರು. ಆ ಹುಲ್ಲುಗಾವಲಿನ ಹೆಸರೂ, ಕಾಕತಾಳೀಯವಾಗಿ, ಬನ್ನಿಯೆಂದೇ ಇದೆ. ಇಂದು ಅಲ್ಲಿಯ ಪಶುಪಾಲಕರು ಈ ಮರವನ್ನು 'ಗಾಂಡೋ ಬಾವಳ', ಎಂದರೆ ಹುಚ್ಚುಜಾಲಿ, ಎಂದು ಕರೆಯುತ್ತಾರೆ. ಸಾವಿರಾರು ಎಮ್ಮೆಗಳನ್ನು ಸಾಕಿದ ಹುಲ್ಲಿನ ಬಹುಭಾಗವನ್ನು ಅದು ನುಂಗಿದೆ.

3

ಇನ್ನು ನಮ್ಮ ಸೀಮೆಗೆ ಬರೋಣ. ವಿಜಯಪುರವು ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯನ್ನು ನೆಚ್ಚಿದ ನಾಡು. ಅದೂ ಬಂದರೆ ಬಂದಿತು. ಆದಕಾರಣವೇ ಆದಿಲಶಾಹಿ ಅರಸರು ನೀರಿಗಾಗಿ ಅಷ್ಟು ಶ್ರಮಪಟ್ಟರು. 1620ರ ತಾಜ ಬಾವಡಿ, 1651ರ ಬೇಗಂ ತಲಾಬ, ತೊರವಿಯಿಂದ ನಗರಕ್ಕೆ ನೀರು ತಂದ ನೆಲದಡಿಯ ಕಾಲುವೆ, ಮಹಮ್ಮದ ಆದಿಲಶಾಹನ ಕಾಲದ ಮಮದಾಪುರದ ದೊಡ್ಡ ಕೆರೆ, ಇವೆಲ್ಲ ಆ ಶ್ರಮದ ಸಾಕ್ಷಿಗಳು. ಕೆರೆಯೆಂದರೆ ಒಡ್ಡು ಕಟ್ಟಿದರೆ ಮುಗಿಯುವ ಕೆಲಸವಲ್ಲ. ಹೂಳೆತ್ತುವ, ಕಾಲುವೆ ಬಿಡಿಸುವ, ಒಡ್ಡಿನ ಮೇಲೆ ಗಿಡ ಹುಟ್ಟಿದರೆ ಕೀಳುವ ಕೈಗಳು ತಪ್ಪದೆ ಇರಬೇಕು. ಆ ಕೈಗಳು ಹಿಂದೆಗೆದ ಕಡೆಯಲ್ಲೆಲ್ಲ ಬಳ್ಳಾರಿ ಜಾಲಿಯು ಕಾಲಿಟ್ಟಿತು. ನಾನು ಕಂಡಂತೆ, ಬರದ ವರ್ಷಗಳಲ್ಲಿ ಬತ್ತಿದ ಕೆರೆಯಂಗಳ, ಊರಿನ ಗಾಯರಾಣ, ಪಾಳುಬಿದ್ದ ಹೊಲ, ಹಳ್ಳದ ಇಬ್ಬದಿ, ಕೋಟೆಯ ಕಂದಕ, ಇವೇ ಅದರ ನೆಲೆಗಳು. ಉಳುವ ಹೊಲದಲ್ಲಿ ಅದು ನಿಲ್ಲಲಾರದು. ಯಾರೂ ನೋಡದ ನೆಲವೇ ಅದಕ್ಕೆ ಪ್ರಿಯ.

ಅದು ಹರಡುವ ರೀತಿ ಹೀಗೆ: ಸಿಹಿಯಾದ ಕಾಯಿಗಳನ್ನು ಆಡು, ಕುರಿ, ದನಗಳು ಆಸೆಯಿಂದ ತಿನ್ನುತ್ತವೆ. ಗಟ್ಟಿಯಾದ ಬೀಜವು ಹೊಟ್ಟೆಯಲ್ಲಿ ಜೀರ್ಣವಾಗದೆ, ಮೇಲ್ಸಿಪ್ಪೆಯಷ್ಟೇ ಮೆತ್ತಗಾಗಿ, ಗೊಬ್ಬರದೊಡನೆ ದೂರದ ನೆಲಕ್ಕೆ ಬಿದ್ದು ಮೊಳೆಯುತ್ತದೆ. ಎಲೆಯನ್ನಾದರೋ ಆಡು ಕೂಡ ಮುಟ್ಟುವುದು ವಿರಳ. ಹೀಗೆ ಪಶುವೇ ಬಿತ್ತುವ, ಪಶು ಮೇಯದ ಗಿಡವದು. ಅದರ ಎಲೆಗಳಿಂದ ಇಳಿಯುವ ರಸವು ನೆರೆಯ ಬೀಜಗಳು ಮೊಳೆಯುವುದನ್ನು ತಡೆಯುತ್ತದೆಂದು ಪ್ರಯೋಗಗಳಿಂದ ಕಂಡುಬಂದಿದೆ. ಆದ್ದರಿಂದ ಮೆಳೆಯ ಕೆಳಗೆ ಹುಲ್ಲು ಏಳದು. ಬೇರಿನ ವಿಷಯ ಹೇಳುವುದಾದರೆ, ಅಮೆರಿಕದ ಅರಿಜೋನಾ ಪ್ರಾಂತದ ಒಂದು ಗಣಿಯಲ್ಲಿ ಈ ಬಳಗದ ಮರವೊಂದರ ಬೇರು 53 ಮೀಟರ್ ಆಳದಲ್ಲಿ ಸಿಕ್ಕಿತು. ಬೇಸಗೆಯಲ್ಲಿಯೂ ಎಲೆಯುದುರಿಸದೆ ಇಂತಹ ಬೇರಿನಿಂದ ನೀರೆತ್ತುವ ಮರಗಳು ದಟ್ಟವಾಗಿ ನಿಂತರೆ, ನೀರಿಗಾಗಿ ಹಾತೊರೆಯುವ ನಾಡಿನಲ್ಲಿ ಅದರ ಪರಿಣಾಮವೇನೆಂಬುದನ್ನು ವಾಚಕರೇ ಊಹಿಸಲಿ.

ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂಬ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಡೋಣಿಯ ಎರೆಭೂಮಿಯ ಬಿಳಿಜೋಳಕ್ಕೆ ಅಂತಹ ಖ್ಯಾತಿ. ಆದರೆ ಈಗ ಸಾರವಾಡದ ಬಳಿ ನಿಂತು ನೋಡಿದರೆ, ಹೊಳೆಯ ಪಾತ್ರವು ಹೂಳಿನಿಂದಲೂ ಜಾಲಿಯ ಮೆಳೆಗಳಿಂದಲೂ ಇಕ್ಕಟ್ಟಾಗಿರುವುದು ಕಾಣುತ್ತದೆ. ಮೆಳೆಯು ಹೂಳನ್ನು ಹಿಡಿಯುವುದು. ಹೂಳಿನ ಮೇಲೆ ಮತ್ತೆ ಮೆಳೆ ಹುಟ್ಟುವುದು. ದಾರಿಯಿಲ್ಲದ ನೀರು ಬೆಳೆದ ಹೊಲಗಳ ಮೇಲೆ ನುಗ್ಗುವುದು. ಓಣಿಗೆ ಕಾಳು ತುಂಬುತ್ತಿದ್ದ ಹೊಳೆಯು ಹೊಲದ ಕಾಳನ್ನು ಕೊಚ್ಚಿಕೊಂಡು ಹೋಗುತ್ತಿರುವುದಕ್ಕೆ ಈ ಮರವೊಂದೇ ಕಾರಣವಲ್ಲ. ಆದರೆ ಕಾರಣಗಳಲ್ಲಿ ಇದೂ ಒಂದೆಂಬುದರಲ್ಲಿ ಸಂದೇಹವಿಲ್ಲ.

4

ಹಾಗಾದರೆ ಪರದೇಶದ ಮರಗಳೆಲ್ಲ ತ್ಯಾಜ್ಯವೆ? ಹಾಗೆ ಹೇಳುವುದು ಅವಿವೇಕ. ವಿಜಯಪುರ ನಗರದಲ್ಲಿ ಆನೆಯ ಮೈಯಂತಹ ಕಾಂಡವುಳ್ಳ ಬಾವೋಬಾಬ್ ಮರಗಳಿವೆ. ಸವಣೂರಿನಲ್ಲಿ ಅವನ್ನೇ ದೊಡ್ಡಹುಣಸೆ ಎನ್ನುತ್ತಾರೆ. ಅವು ಆಫ್ರಿಕದವು. ಶತಮಾನಗಳಿಂದ ಅವು ನಿಂತಲ್ಲಿಯೇ ನಿಂತಿವೆ; ಪಕ್ಕದ ಹೊಲಕ್ಕೆ ಒಂದು ಹೆಜ್ಜೆಯನ್ನೂ ಇಟ್ಟಿಲ್ಲ. ನಾವು ದಿನವೂ ಉಣ್ಣುವ ಜೋಳವೂ, ಸಾರಿಗೆ ಹಾಕುವ ಹುಣಸೆಯೂ ಮೂಲತಃ ಆಫ್ರಿಕದವೇ, ಮೆಣಸಿನಕಾಯಿಯು ಅಮೆರಿಕದ್ದು. ಇವುಗಳನ್ನು ನಾವು ಬೆಳೆಸಿದೆವು, ಇವು ನಮ್ಮನ್ನು ಬೆಳೆಸಿದವು. ಹೊರಗಿನಿಂದ ಬಂದುದೆಂಬುದು ದೋಷವಲ್ಲ. ಬಂದುದು ಇದ್ದವರಿಗೆ ಎಡೆಯಿಲ್ಲದಂತೆ ಮಾಡಿದರೆ ಅದು ದೋಷ.

ಬಳ್ಳಾರಿ ಜಾಲಿಯ ಪರವಾಗಿ ಹೇಳಬೇಕಾದ ಮಾತೂ ಇದೆ. ಭೂಮಿಯಿಲ್ಲದ ಎಷ್ಟೋ ಮನೆಗಳ ಒಲೆಯು ಇದರ ಸೌದೆಯಿಂದಲೇ ಉರಿದಿದೆ. ಇದರ ಇದ್ದಿಲನ್ನು ಸುಟ್ಟು ಮಾರಿ ಬದುಕಿದ ಕುಟುಂಬಗಳಿವೆ. ಬರಗಾಲದಲ್ಲಿ ಇದರ ಕಾಯಿಯೇ ಆಡುಕುರಿಗಳ ಪ್ರಾಣ ಹಿಡಿದದ್ದೂ ಉಂಟು. ಆದರೆ ಇದನ್ನೇ ಮುಖ್ಯಾಹಾರವಾಗಿ ತಿಂದ ಪಶುಗಳಿಗೆ ಹಲ್ಲಿನ ರೋಗ ಬರುತ್ತದೆ. ಆಫ್ರಿಕದ ಕೆನ್ಯಾ ದೇಶದ ಬರಿಂಗೋ ಸರೋವರದ ಬಳಿ 1980ರ ದಶಕದಲ್ಲಿ ಇದೇ ಮರವನ್ನು ಹಿತವೆಂದು ನೆಡಿಸಿದ್ದರು. 2006ರಲ್ಲಿ ಅಲ್ಲಿಯ ಪಶುಪಾಲಕರು ತಮ್ಮ ಸರಕಾರದ ಮೇಲೆ ದಾವೆ ಹೂಡಿ, ಹಲ್ಲಿಲ್ಲದ ಆಡೊಂದನ್ನು ನ್ಯಾಯಾಲಯಕ್ಕೆ ಸಾಕ್ಷಿಯಾಗಿ ತಂದು ನಿಲ್ಲಿಸಿದರು. ಅದಕ್ಕಿಂತ ಪ್ರಬಲವಾದ ಸಾಕ್ಷ್ಯವನ್ನು ಯಾವ ವಕೀಲನು ತರಬಲ್ಲನು?

ಇದನ್ನು ಕಿತ್ತೊಗೆಯಬೇಕೆಂಬ ಆವೇಶದಲ್ಲಿಯೂ ಅಪಾಯವಿದೆ. ತಮಿಳುನಾಡಿನಲ್ಲಿ ಉಚ್ಚನ್ಯಾಯಾಲಯದ ಮದುರೆಯ ಪೀಠವು 2017ರಲ್ಲಿ ಇದನ್ನು ನಿರ್ಮೂಲ ಮಾಡಬೇಕೆಂದು ಆಜ್ಞಾಪಿಸಿತು; ಪರಿಣಾಮಗಳನ್ನು ಮೊದಲು ವಿಚಾರಿಸಬೇಕೆಂಬ ಕಾರಣದಿಂದ ಅದೇ ವರ್ಷ ಆ ಕೆಲಸಕ್ಕೆ ತಡೆಯೂ ಬಂದಿತು. ಅವಸರದಲ್ಲಿ ಕಡಿಯುವವನಿಗೆ ಬನ್ನಿ ಯಾವುದು, ಕರಿಜಾಲಿ ಯಾವುದು ಎಂಬ ವಿವೇಚನೆ ಉಳಿಯುವುದಿಲ್ಲ. ಮೇಲಾಗಿ, ನೆಲದ ಮಟ್ಟಕ್ಕೆ ಕಡಿದರೆ ಈ ಮರವು ಸಾಯದು; ಒಂದು ಕಾಂಡಕ್ಕೆ ಹತ್ತು ಚಿಗುರು ಬಂದು ಮೊದಲಿಗಿಂತ ದಟ್ಟವಾಗುವುದು. ಮೊಗ್ಗೆಗಳು ನೆಲದೊಳಗೂ ಇರುವುದರಿಂದ ಸುಮಾರು ಒಂದು ಮೊಳ ಆಳಕ್ಕೆ ಅಗೆದು ಬುಡವನ್ನೇ ತೆಗೆಯಬೇಕು. ಕಾಯಿ ಹಣ್ಣಾಗುವ ಮೊದಲೇ ತೆಗೆಯಬೇಕು. ಬೀಜಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುವುದರಿಂದ ಪ್ರತಿ ಮಳೆಗಾಲದಲ್ಲಿ ಮೊಳಕೆಗಳನ್ನು ಕೀಳುತ್ತಿರಬೇಕು. ತೆರವಾದ ನೆಲವನ್ನು ಬರಿದೆ ಬಿಟ್ಟರೆ ಪುನಃ ಅದೇ ಬರುವುದು. ಅಲ್ಲಿ ಹುಲ್ಲಾಗಲಿ, ಬೇವು, ಬಾರಿ, ಕರಿಜಾಲಿ, ಬನ್ನಿಗಳಾಗಲಿ ನೆಲೆಗೊಳ್ಳಬೇಕು. ಕೋಟಿವೃಕ್ಷ ಅಭಿಯಾನದಿಂದ ನಮ್ಮ ಜಿಲ್ಲೆಯಲ್ಲಿ ಲಕ್ಷಗಟ್ಟಲೆ ಸಸಿಗಳು ನೆಲಕಂಡಿವೆ. ಏತ ನೀರಾವರಿಯಿಂದ ಬತ್ತಿದ ಕೆರೆಗಳಿಗೆ ಕೃಷ್ಣೆಯ ನೀರೂ ಬಂದಿದೆ. ಇವು ಸಂತೋಷದ ಸಂಗತಿಗಳು. ಆದರೆ ನೆಡುವ ಉತ್ಸಾಹಕ್ಕಿಂತ ನೋಡಿಕೊಳ್ಳುವ ತಾಳ್ಮೆ ದೊಡ್ಡದು. 1877ರಿಂದ ಈಚೆಗೆ ಈ ಮರದ ಚರಿತ್ರೆಯು ನಮಗೆ ಕಲಿಸುವ ಪಾಠವು ಇದೊಂದೇ.

ನಮ್ಮ ಶಾಲೆಯ ಬೇಲಿಯ ಕಥೆಯನ್ನು ಮುಗಿಸಿಬಿಡುತ್ತೇನೆ. ಬಿತ್ತಿಸಲು ಒಂದು ಮಧ್ಯಾಹ್ನ ಸಾಕಾಗಿತ್ತು. ಕೀಳಿಸಲು ಮೂರು ಬೇಸಗೆಗಳು ಬೇಕಾದವು. ಅಗೆಯುವವರಿಗೆ ದಾರಿ ತೋರಿಸಿದವನು ಆ ಮುದಿ ಸಿಪಾಯಿಯೇ. ಸೌದೆಯೆಲ್ಲವನ್ನೂ ಊರಿನ ಬಡವರಿಗೆ ಹಂಚಿದೆವು. ಬೇಲಿಯಿದ್ದ ಮೂಲೆಯಲ್ಲಿ ಅವನೇ ತನ್ನ ಹೊಲದ ಬದುವಿನಿಂದ ತಂದ ಬನ್ನಿಯ ಸಸಿಯನ್ನು ನೆಟ್ಟನು. ಬನ್ನಿಗೆ ಅವಸರವಿಲ್ಲ. ನಾನು ನಿವೃತ್ತನಾಗುವಾಗ ಅದು ನನ್ನ ತಲೆಗಿಂತ ಸ್ವಲ್ಪ ಮೇಲಕ್ಕಿತ್ತು. ನೆಟ್ಟವನು ಅದಕ್ಕೂ ಮೊದಲೇ ತೀರಿಕೊಂಡಿದ್ದನು.

2022ರಲ್ಲಿ ಸಸ್ಯಶಾಸ್ತ್ರಜ್ಞರು ಪ್ರೊಸೋಪಿಸ್ ಕುಲವನ್ನು ವಿಭಾಗಿಸಿ, ಬಳ್ಳಾರಿ ಜಾಲಿಯನ್ನು ನೆಲ್ಟುಮಾ ಎಂಬ ಬೇರೆ ಕುಲಕ್ಕೆ ಸೇರಿಸಿದರು. ಬನ್ನಿಯು ಹಳೆಯ ಕುಲದಲ್ಲಿಯೇ ಉಳಿಯಿತು. ಹೀಗೆ ಇವೆರಡು ಒಂದೇ ಅಲ್ಲವೆಂದು ಪಂಡಿತರು ನಿರ್ಣಯಿಸಿದ್ದನ್ನು ನಮ್ಮ ಸಿಪಾಯಿಯು ಮುಳ್ಳನ್ನು ನೋಡಿಯೇ ಹೇಳಿದ್ದನು. ವಾಚಕಮಹಾಶಯರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಬರುವ ದಸರೆಗೆ ಮುಂಚೆ ಒಂದು ದಿನ ಮನೆಯ ಮಕ್ಕಳನ್ನು ಕರೆದುಕೊಂಡು ಊರ ಹೊರಗೆ ಹೋಗಿ ಈ ಮೂರು ಮರಗಳನ್ನು ತೋರಿಸಬೇಕು, ಮುಳ್ಳನ್ನು ಕೈಯಿಂದ ಮುಟ್ಟಿಸಬೇಕು. ಬನ್ನಿಯನ್ನು ಕಂಡ ಮಗುವು ಬಂಗಾರವೆಂದು ಮತ್ತೊಂದನ್ನು ತರಲಾರದು. ಅಲಮತಿವಿಸ್ತರೇಣ.